ಅಗೆಯಲು ಒಂದು ದಿನ, ತುಂಬಲು ಒಂದು ತಲೆಮಾರು

2001ರ ಫೆಬ್ರುವರಿ ತಿಂಗಳು. ಜರ್ಮನಿಯ ಕೊಲೋನ್ ನಗರದ ಪಶ್ಚಿಮಕ್ಕೆ ಹರಡಿರುವ ಬಯಲಿನಲ್ಲಿ ವಿಚಿತ್ರವಾದ ಮೆರವಣಿಗೆಯೊಂದು ಹೊರಟಿತ್ತು. ಮೆರವಣಿಗೆಯಲ್ಲಿ ಇದ್ದದ್ದು ಒಂದೇ ಒಂದು ಯಂತ್ರ. ಅದರ ಹಿಂದೆ ಮುಂದೆ ಸುಮಾರು ಎಪ್ಪತ್ತು ಮಂದಿ ಕೆಲಸಗಾರರು. ಯಂತ್ರದ ಅತಿ ಹೆಚ್ಚಿನ ವೇಗವೇ ನಿಮಿಷಕ್ಕೆ ಹತ್ತು ಮೀಟರ್. ಅದು ಹೆದ್ದಾರಿಯನ್ನು ದಾಟಬೇಕಿತ್ತು, ರೈಲು ಹಳಿಯನ್ನು ದಾಟಬೇಕಿತ್ತು, ಎರ್ಫ್ಟ್ ಎಂಬ ನದಿಯನ್ನೂ ದಾಟಬೇಕಿತ್ತು. ನದಿಯ ನೀರು ಹರಿದುಹೋಗಲು ಉಕ್ಕಿನ ಕೊಳವೆಗಳನ್ನಿಟ್ಟು ಅವುಗಳ ಮೇಲೆ ಕಲ್ಲುಮಣ್ಣು ಸುರಿದು ಹಾದಿ ಮಾಡಿದರು. ನೆಲ ಕುಸಿಯದಿರಲಿ ಎಂದು ಅದು ಸಾಗುವ ಕಡೆಯೆಲ್ಲ ಮೊದಲೇ ಹುಲ್ಲಿನ ಬೀಜ ಬಿತ್ತಿ ಬೆಳೆಸಿದ್ದರು. 22 ಕಿಲೋಮೀಟರ್ ದಾರಿಗೆ ಹಿಡಿದದ್ದು ಮೂರು ವಾರ. ಖರ್ಚಾದದ್ದು ಸುಮಾರು ಒಂದೂವರೆ ಕೋಟಿ ಜರ್ಮನ್ ಮಾರ್ಕ್.

ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡ ಈ ಅತಿಥಿಯ ಹೆಸರು ಬಾಗರ್ 288. ಜರ್ಮನ್ ಭಾಷೆಯಲ್ಲಿ ‘ಬಾಗರ್’ ಎಂದರೆ ಅಗೆಯುವ ಯಂತ್ರ. ಹಂಬಾಖ್ ಎಂಬಲ್ಲಿನ ಗಣಿಯಲ್ಲಿ ಅದರ ಪಾಲಿನ ಕೆಲಸ ಮುಗಿದಿತ್ತು. ಗಾರ್ಟ್ಸ್‌ವೈಲರ್ ಎಂಬ ಇನ್ನೊಂದು ಗಣಿ ಕಾಯುತ್ತಿತ್ತು. ಬಿಚ್ಚಿ ಸಾಗಿಸಿ ಮತ್ತೆ ಜೋಡಿಸುವುದಕ್ಕಿಂತ ಇಡಿಯಾಗಿ ನಡೆಸಿಕೊಂಡು ಹೋಗುವುದೇ ಅಗ್ಗವೆಂದು ಲೆಕ್ಕ ಹಾಕಿದ್ದರು.

ಹುಲ್ಲು ಹಾಸಿನ ಮೇಲೆ ನಡೆದುಬಂದ ಯಂತ್ರ ಹೊಸ ಜಾಗಕ್ಕೆ ಬಂದು ಮಾಡಿದ ಕೆಲಸವೇನು? ಹುಲ್ಲು, ಹೊಲ, ಮಣ್ಣು ಎಲ್ಲವನ್ನೂ ಕೆರೆದು ತೆಗೆಯುವುದು. ಮನುಷ್ಯ ಕಟ್ಟಿದ ಇಂಥ ದೈತ್ಯ ಯಂತ್ರಗಳನ್ನು ಕಂಡು ಬೆರಗಾಗದವರಿಲ್ಲ. ಆದರೆ ಅವೆಲ್ಲ ಅರ್ಧ ಕೆಲಸದ ಯಂತ್ರಗಳು. ಅಗೆಯುವ ಅರ್ಧ ಅವುಗಳದ್ದು. ಅಗೆದ ಮೇಲೆ ಉಳಿಯುವ ಅರ್ಧ ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಜಗತ್ತು ಈಗಲೂ ತಡಕಾಡುತ್ತಿದೆ.

ಒಂದು ದಿನದ ಊಟ

ಬಾಗರ್ 288 ಎಷ್ಟು ದೊಡ್ಡದು ನೋಡಿ. ಜರ್ಮನಿಯ ಕ್ರುಪ್ ಕಂಪನಿ ಕಟ್ಟಿದ ಈ ಯಂತ್ರ 1978ರಲ್ಲಿ ಕೆಲಸಕ್ಕೆ ಸಿದ್ಧವಾಯಿತು. ಉದ್ದ 220 ಮೀಟರ್. ಎರಡು ಫುಟ್‌ಬಾಲ್ ಮೈದಾನಗಳನ್ನು ಉದ್ದಕ್ಕೆ ಜೋಡಿಸಿದರೆ ಹೆಚ್ಚೂಕಡಿಮೆ ಅಷ್ಟು. ಎತ್ತರ 96 ಮೀಟರ್. ದೆಹಲಿಯ ಕುತುಬ್ ಮಿನಾರಿಗಿಂತ ಎತ್ತರ, ವಿಜಯಪುರದ ಗೋಲಗುಮ್ಮಟದ ಹೆಚ್ಚೂಕಡಿಮೆ ಎರಡರಷ್ಟು. ತೂಕ 13,500 ಟನ್. ಒಂದು ಆನೆಗೆ ನಾಲ್ಕು ಟನ್ ಎಂದು ಹಿಡಿದರೆ 3,300ಕ್ಕೂ ಹೆಚ್ಚು ಆನೆಗಳ ತೂಕ. ಇಷ್ಟು ಭಾರ ನೆಲದಲ್ಲಿ ಹೂತುಹೋಗದಿರಲು ಕಾರಣ ಅದರ ಪಾದಗಳು. ಬುಲ್ಡೋಜರಿಗೆ ಇರುವಂಥ ಸರಪಳಿ ಪಟ್ಟಿಗಳು ಇದಕ್ಕೆ ಹನ್ನೆರಡು. ಒಂದೊಂದರ ಅಗಲ ಸುಮಾರು ನಾಲ್ಕು ಮೀಟರ್. ಭಾರವೆಲ್ಲ ಅವುಗಳ ಮೇಲೆ ಹಂಚಿಹೋಗುತ್ತದೆ.

ಯಂತ್ರದ ಮುಂತುದಿಯಲ್ಲಿ ಜಾತ್ರೆಯ ತೊಟ್ಟಿಲಿನಂತೆ ತಿರುಗುವ ಒಂದು ಚಕ್ರವಿದೆ. ಅದರ ವ್ಯಾಸ 21 ಮೀಟರಿಗಿಂತ ಹೆಚ್ಚು, ಅಂದರೆ ಏಳು ಅಂತಸ್ತಿನ ಮನೆಯ ಎತ್ತರ. ಚಕ್ರದ ಸುತ್ತ 18 ಬಕೆಟ್‌ಗಳು. ಒಂದೊಂದು ಬಕೆಟ್ಟೂ 6.6 ಘನ ಮೀಟರ್ ಮಣ್ಣು ಹಿಡಿಯುತ್ತದೆ. ಚಕ್ರ ತಿರುಗಿದಂತೆ ಬಕೆಟ್ಟು ಕೆಳಗಿನಿಂದ ಮಣ್ಣು ಕಚ್ಚಿಕೊಂಡು ಮೇಲೇರಿ, ನೆತ್ತಿಯ ಹತ್ತಿರ ಬಂದಾಗ ಕನ್ವೇಯರ್ ಬೆಲ್ಟಿನ ಮೇಲೆ ಕಕ್ಕುತ್ತದೆ. ಬೆಲ್ಟು ಅದನ್ನು ಇನ್ನೊಂದು ಬೆಲ್ಟಿಗೆ, ಅದು ಮತ್ತೊಂದಕ್ಕೆ ದಾಟಿಸುತ್ತ ಕಿಲೋಮೀಟರ್‌ಗಟ್ಟಲೆ ದೂರ ಒಯ್ಯುತ್ತದೆ. ಡೀಸೆಲ್ ಇಲ್ಲ, ಹೊಗೆ ಇಲ್ಲ. ಎಲ್ಲವೂ ವಿದ್ಯುತ್ತಿನಿಂದ ನಡೆಯುತ್ತದೆ. ಹೊರಗಿನಿಂದ ತಂತಿಯಲ್ಲಿ ಹದಿನಾರೂವರೆ ಮೆಗಾವಾಟ್ ವಿದ್ಯುತ್ ಬರುತ್ತದೆ. ಇಂಥ ಯಂತ್ರವನ್ನು ನಡೆಸಲು ನಾಲ್ಕೈದು ಜನ ಸಾಕು.

ದಿನವೊಂದಕ್ಕೆ ಇದು ಅಗೆಯಬಲ್ಲ ಮಣ್ಣು 2,40,000 ಘನ ಮೀಟರ್. ಒಂದು ಫುಟ್‌ಬಾಲ್ ಮೈದಾನವನ್ನು ಹತ್ತು ಅಂತಸ್ತಿನ ಕಟ್ಟಡ ಮುಳುಗುವಷ್ಟು ಆಳಕ್ಕೆ ಒಂದೇ ದಿನದಲ್ಲಿ ಅಗೆದಂತೆ. ಲೆಕ್ಕದಲ್ಲಿ ಆಸಕ್ತಿಯುಳ್ಳ ಮಕ್ಕಳು ಇದನ್ನು ಬೇರೆ ರೀತಿಯಲ್ಲೂ ನೋಡಬಹುದು. ಒಬ್ಬ ಆಳು ಗುದ್ದಲಿ ಹಿಡಿದು ದಿನಕ್ಕೆ ಎರಡು ಘನ ಮೀಟರ್ ಅಗೆಯುತ್ತಾನೆ ಎಂದಿಟ್ಟುಕೊಳ್ಳಿ. ಆಗ ಈ ಯಂತ್ರದ ಒಂದು ದಿನದ ಕೆಲಸಕ್ಕೆ 1,20,000 ಆಳುಗಳು ಬೇಕು. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರುಗಳಲ್ಲಿ ಸಾಗಿಸುವುದಾದರೆ 24,000 ಲೋಡು. ಹಗಲೂ ರಾತ್ರಿ ಬಿಡುವಿಲ್ಲದೆ ಮೂರೂವರೆ ಸೆಕೆಂಡಿಗೊಂದರಂತೆ ಟಿಪ್ಪರು ಹೊರಡುತ್ತಿರಬೇಕು.

ಇದರ ತಮ್ಮನೂ ಉಂಟು. 1995ರಲ್ಲಿ ಬಂದ ಬಾಗರ್ 293ರ ತೂಕ 14,200 ಟನ್. ಅದು ಕೂಡ ಇದೇ ಪ್ರದೇಶದ ಗಣಿಯಲ್ಲಿ ಕೆಲಸಕ್ಕೆ ಬಂದಿತು.

ಊರು ಹೋಯಿತು, ಹೆದ್ದಾರಿಯೂ ಹೋಯಿತು

ಇಷ್ಟು ಅಗೆದು ತೆಗೆಯುವುದಾದರೂ ಏನನ್ನು? ಚಿನ್ನವನ್ನಲ್ಲ, ವಜ್ರವನ್ನಲ್ಲ. ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು. ಕಲ್ಲಿದ್ದಲಿನ ವಂಶದಲ್ಲಿ ಇದು ಇನ್ನೂ ಬಲಿಯದ ಕೂಸು. ತೂಕದಲ್ಲಿ ಅರ್ಧದಷ್ಟು ನೀರೇ. ದೂರ ಸಾಗಿಸಿದರೆ ಸಾಗಣೆ ವೆಚ್ಚವೂ ಹುಟ್ಟದು. ಆದ್ದರಿಂದ ಗಣಿಯ ಮಗ್ಗುಲಲ್ಲೇ ವಿದ್ಯುತ್ ಸ್ಥಾವರ ಕಟ್ಟಿ ಅಲ್ಲೇ ಸುಡುತ್ತಾರೆ. ಹಂಬಾಖ್‌ನಲ್ಲಿ ಒಂದು ಟನ್ ಲಿಗ್ನೈಟ್ ಬೇಕೆಂದರೆ ಅದರ ಮೇಲಿರುವ ಸುಮಾರು ಆರು ಘನ ಮೀಟರ್ ಮಣ್ಣನ್ನು ಮೊದಲು ಸರಿಸಬೇಕು. ಆ ಒಂದು ಟನ್ನು ಸುಟ್ಟಾಗ ಸರಿಸುಮಾರು ಒಂದು ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅರ್ಧ ನೀರಿರುವ ಇಂಧನದಿಂದ ಇಷ್ಟೊಂದು ಅನಿಲ ಹೇಗೆ ಎಂದು ಅಚ್ಚರಿಯಾಗಬಹುದು. ಇದ್ದಲಿನ ಇಂಗಾಲ ಉರಿಯುವಾಗ ಗಾಳಿಯಿಂದ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ. ಆ ತೂಕವೂ ಸೇರುವುದರಿಂದ ಹೀಗಾಗುತ್ತದೆ.

ಗಣಿ ಎಂದರೆ ಒಂದೇ ಕಡೆ ನಿಲ್ಲುವ ಹೊಂಡವಲ್ಲ. ಅದು ನಡೆಯುವ ಹೊಂಡ. ಒಂದು ಅಂಚಿನಲ್ಲಿ ಯಂತ್ರ ಅಗೆಯುತ್ತ ಮುಂದುವರಿದಂತೆ, ಹಿಂದಿನ ಅಂಚಿನಲ್ಲಿ ಇನ್ನೊಂದು ಯಂತ್ರ ಅದೇ ಮಣ್ಣನ್ನು ಸುರಿಯುತ್ತ ಬರುತ್ತದೆ. ಹೀಗೆ ನಡೆಯುವ ಹೊಂಡದ ದಾರಿಯಲ್ಲಿ ಊರುಗಳು ಬಂದವು. ಇಮ್ಮರಾಟ್ ಎಂಬ ಹಳ್ಳಿಯನ್ನು ಪೂರ್ತಿ ಖಾಲಿ ಮಾಡಿಸಿ ಬೇರೆಡೆ ಹೊಸ ಇಮ್ಮರಾಟ್ ಕಟ್ಟಿಕೊಟ್ಟರು. ಬದುಕಿದ್ದವರ ಜೊತೆಗೆ ಸ್ಮಶಾನದಲ್ಲಿ ಮಲಗಿದ್ದವರನ್ನೂ ಸ್ಥಳಾಂತರಿಸಬೇಕಾಯಿತು. ಎರಡು ಗೋಪುರಗಳ ಹತ್ತೊಂಬತ್ತನೇ ಶತಮಾನದ ಅಲ್ಲಿನ ಚರ್ಚನ್ನು 2018ರ ಜನವರಿಯಲ್ಲಿ ಕೆಡವಿದರು. ಈ ಪ್ರದೇಶದಲ್ಲಿ ಹೀಗೆ ಊರು ಬಿಟ್ಟವರ ಸಂಖ್ಯೆ ಹತ್ತಾರು ಸಾವಿರ. ಬಾಗರ್ 288 ದಾಟಿಬಂದಿದ್ದ 61ನೇ ಹೆದ್ದಾರಿಯ ಒಂದು ತುಂಡನ್ನು ಅದೇ 2018ರಲ್ಲಿ ಗಾರ್ಟ್ಸ್‌ವೈಲರ್ ಗಣಿಗಾಗಿ ಮುಚ್ಚಲಾಯಿತು. ಅಂದು ಯಂತ್ರಕ್ಕೆ ದಾರಿ ಬಿಟ್ಟುಕೊಟ್ಟ ರಸ್ತೆ ಹದಿನೇಳು ವರ್ಷಗಳ ಬಳಿಕ ಜಾಗವನ್ನೇ ಬಿಟ್ಟುಕೊಟ್ಟಿತು.

ಹಂಬಾಖ್ ಗಣಿ 1978ರಲ್ಲಿ ಆರಂಭವಾದಾಗಿನಿಂದ ಅಲ್ಲಿನ ಹಳೆಯ ಕಾಡಿನ ಬಹುಪಾಲು ನೆಲಸಮವಾಯಿತು. 2012ರಿಂದ ಯುವಕ ಯುವತಿಯರು ಉಳಿದ ಮರಗಳ ಮೇಲೆ ಗುಡಿಸಲು ಕಟ್ಟಿಕೊಂಡು ವಾಸವಾದರು. 2018ರ ಅಕ್ಟೋಬರಿನಲ್ಲಿ ನ್ಯಾಯಾಲಯ ಮರ ಕಡಿಯುವುದಕ್ಕೆ ತಡೆ ನೀಡಿತು. ಗಾರ್ಟ್ಸ್‌ವೈಲರ್ ಅಂಚಿನ ಲ್ಯುಟ್ಸೆರಾಟ್ ಎಂಬ ಪುಟ್ಟ ಹಳ್ಳಿಯನ್ನು ಉಳಿಸಲು 2023ರ ಜನವರಿಯಲ್ಲಿ ಸಾವಿರಾರು ಜನ ಕೆಸರಿನಲ್ಲಿ ನಿಂತರು. ಹಳ್ಳಿ ಉಳಿಯಲಿಲ್ಲ. ಆದರೆ ಅದಕ್ಕೆ ಮೂರು ತಿಂಗಳ ಹಿಂದೆ, 2022ರ ಅಕ್ಟೋಬರಿನಲ್ಲಿ, ಈ ಪ್ರದೇಶದ ಲಿಗ್ನೈಟ್ ವಿದ್ಯುತ್ತನ್ನು 2038ರ ಬದಲು 2030ಕ್ಕೇ ನಿಲ್ಲಿಸುವ ಒಪ್ಪಂದವಾಗಿತ್ತು. ಅದರಿಂದ ಗಣಿಯ ದಾರಿಯಲ್ಲಿದ್ದ ಇನ್ನೂ ಐದು ಹಳ್ಳಿಗಳು ಬಚಾವಾದವು. ಆ ವೇಳೆಗೆ ಅಲ್ಲಿನ ಹೆಚ್ಚಿನ ಮನೆಗಳವರು ಊರು ಬಿಟ್ಟುಹೋಗಿದ್ದರು ಎಂಬುದು ಬೇರೆ ಮಾತು.

ಕಣ್ಣಿಗೆ ಕಾಣದ ಇನ್ನೊಂದು ನಷ್ಟ ನೀರಿನದು. ಹಂಬಾಖ್ ಹೊಂಡ 400 ಮೀಟರಿಗೂ ಆಳ. ಅಷ್ಟು ಆಳದಲ್ಲಿ ಯಂತ್ರ ಒಣ ನೆಲದ ಮೇಲೆ ನಿಲ್ಲಬೇಕಾದರೆ ಸುತ್ತಲಿನ ಅಂತರ್ಜಲವನ್ನು ಹೊಂಡದ ತಳಕ್ಕಿಂತ ಕೆಳಕ್ಕೆ ಇಳಿಸಬೇಕು. ಅದಕ್ಕಾಗಿ ನೂರಾರು ಕೊಳವೆ ಬಾವಿಗಳಿಂದ ವರ್ಷವಿಡೀ ನೀರೆತ್ತುತ್ತಾರೆ. ಇದರ ಪರಿಣಾಮ ಗಣಿಯ ಬೇಲಿಗೆ ನಿಲ್ಲುವುದಿಲ್ಲ. ದೂರದ ಜೌಗು ಪ್ರದೇಶಗಳು ಒಣಗದಿರಲಿ ಎಂದು ಎತ್ತಿದ ನೀರಿನಲ್ಲೇ ಒಂದು ಪಾಲನ್ನು ಶುದ್ಧಮಾಡಿ ಮತ್ತೆ ನೆಲಕ್ಕೆ ಇಂಗಿಸಬೇಕಾಗಿದೆ. ನಿಸರ್ಗ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಪಂಪು, ಪೈಪು, ಕರೆಂಟು ಎಲ್ಲ ಬೇಕು.

ಯಂತ್ರ ದೊಡ್ಡದಾದಂತೆ ಅದಿರು ತೆಳುವಾಯಿತು

ಯಂತ್ರಗಳು ಹೀಗೆ ಬೆಳೆಯುತ್ತ ಹೋದದ್ದು ಏಕೆ? ಅದರ ಹಿಂದೆ ಸರಳವಾದ ವ್ಯಾಪಾರದ ಲೆಕ್ಕವಿದೆ. ಹತ್ತು ಸಣ್ಣ ಲಾರಿಗಳಿಗೆ ಹತ್ತು ಚಾಲಕರು ಬೇಕು. ಹತ್ತರ ಭಾರ ಹೊರುವ ಒಂದೇ ಲಾರಿಗೆ ಒಬ್ಬ ಚಾಲಕ ಸಾಕು. ಬೆಲಾರೂಸ್ ದೇಶದ ಬೆಲಾಜ್ ಕಂಪನಿ 2013ರಲ್ಲಿ ಹೊರತಂದ ಡಂಪರ್ ಒಂದು ಸಲಕ್ಕೆ 450 ಟನ್ ಹೊರುತ್ತದೆ. ಗಣಿಗಳ ದೊಡ್ಡ ಡಂಪರಿನ ಒಂದು ಟೈರು ನಿಲ್ಲಿಸಿದರೆ ನಾಲ್ಕು ಮೀಟರ್ ಎತ್ತರ. ಅದರ ಮುಂದೆ ಆರಡಿ ಆಳು ಮಗುವಿನಂತೆ ಕಾಣುತ್ತಾನೆ. ಆಸ್ಟ್ರೇಲಿಯದ ಕಬ್ಬಿಣದ ಗಣಿಗಳಲ್ಲಿ ಆ ಒಬ್ಬ ಚಾಲಕನೂ ಇಲ್ಲದ ಡಂಪರುಗಳು ಓಡಾಡುತ್ತಿವೆ.

ಆದರೆ ಇದರಿಂದ ಕೂಲಿ ಉಳಿದದ್ದಷ್ಟೇ ಅಲ್ಲ, ‘ಅದಿರು’ ಎಂಬ ಪದದ ಅರ್ಥವೇ ಬದಲಾಯಿತು. ಅಮೆರಿಕದ ಯೂಟಾ ರಾಜ್ಯದ ಬಿಂಗಮ್ ಕಣಿವೆಯ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಬೆಟ್ಟದಲ್ಲಿ ತಾಮ್ರವಿತ್ತು, ಆದರೆ ನೂರು ಭಾಗ ಕಲ್ಲಿಗೆ ಸುಮಾರು ಎರಡು ಭಾಗ ಮಾತ್ರ. ಸುರಂಗ ಕೊರೆದು ತೆಗೆದರೆ ನಷ್ಟವೇ ಖಂಡಿತ ಎನ್ನುವುದು ಆ ಕಾಲದ ಲೆಕ್ಕ. ಡೇನಿಯಲ್ ಜಾಕ್ಲಿಂಗ್ ಎಂಬ ಎಂಜಿನಿಯರ್ ಬೇರೆ ದಾರಿ ಹಿಡಿದ. ಸುರಂಗ ಬೇಡ, ಹಳಿಗಳ ಮೇಲೆ ಓಡುವ ಉಗಿಯಂತ್ರದ ಸಲಿಕೆಗಳಿಂದ ಇಡೀ ಬೆಟ್ಟವನ್ನೇ ಕೆರೆದರೆ ಲಾಭ ಬರುತ್ತದೆ ಎಂದ. 1906ರಲ್ಲಿ ಕೆಲಸ ಶುರುವಾಯಿತು. ಇಂದು ಬೆಟ್ಟವಿದ್ದ ಜಾಗದಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಅಗಲದ, ಒಂದು ಕಿಲೋಮೀಟರಿಗೂ ಹೆಚ್ಚು ಆಳದ ಹೊಂಡವಿದೆ.

ಅಂದಿನಿಂದ ಯಂತ್ರ ದೊಡ್ಡದಾದಂತೆಲ್ಲ ಇನ್ನೂ ಬಡಕಲಾದ ಕಲ್ಲು ‘ಅದಿರು’ ಎನಿಸಿಕೊಳ್ಳುತ್ತ ಬಂದಿದೆ. ಈಗ ನೂರಕ್ಕೆ ಅರ್ಧ ಭಾಗ ತಾಮ್ರವಿದ್ದರೂ ಗಣಿ ನಡೆಯುತ್ತದೆ. ಅಂದರೆ ಒಂದು ಟನ್ ತಾಮ್ರಕ್ಕೆ ಕಡಿಮೆಯೆಂದರೆ 200 ಟನ್ ಕಲ್ಲು ಒಡೆದು ಪುಡಿ ಮಾಡಬೇಕು. ಮೇಲಿನ ಬರಡು ಕಲ್ಲುಮಣ್ಣಿನ ಲೆಕ್ಕ ಬೇರೆ. ಯಂತ್ರ ದೈತ್ಯವಾದಷ್ಟೂ ಕಸವೂ ದೈತ್ಯವಾಗುತ್ತದೆ.

ಕೋಲಾರದ ದಿಬ್ಬಗಳು

ಬಾಗರ್ 288 ಜರ್ಮನಿಯ ಬಯಲಿನಲ್ಲಿ ನಡೆಯುತ್ತಿದ್ದ ಅದೇ 2001ರ ಫೆಬ್ರುವರಿಯ ಕೊನೆಯ ದಿನ, 28ರಂದು, ಕರ್ನಾಟಕದಲ್ಲಿ ಇನ್ನೊಂದು ಘಟನೆ ನಡೆಯಿತು. ಕೋಲಾರದ ಚಿನ್ನದ ಗಣಿ ಮುಚ್ಚಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಹಾಕಿದ ಮೇಲೆ ನೂರಿಪ್ಪತ್ತು ವರ್ಷ ಅಲ್ಲಿ ಚಿನ್ನ ತೆಗೆದಿದ್ದರು. ಸುರಂಗಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಕೊನೆಕೊನೆಗೆ ಒಂದು ಟನ್ ಕಲ್ಲು ಪುಡಿಮಾಡಿದರೆ ಕೈಗೆ ಬರುತ್ತಿದ್ದದ್ದು ಕೆಲವೇ ಗ್ರಾಂ.

ಮಿಕ್ಕದ್ದೆಲ್ಲ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಊರಿನ ಮಗ್ಗುಲಲ್ಲೇ ಬೂದು ಬಣ್ಣದ ದಿಬ್ಬಗಳಾಗಿ ನಿಂತಿದೆ. ಚಿನ್ನವನ್ನು ಕಲ್ಲುಹಿಟ್ಟಿನಿಂದ ಬೇರ್ಪಡಿಸಲು ಸೈನೈಡ್ ಬಳಸುತ್ತಿದ್ದುದರಿಂದ ಜನ ಅವುಗಳನ್ನು ಸೈನೈಡ್ ದಿಬ್ಬ ಎಂದೇ ಕರೆಯುತ್ತಾರೆ. ಗಾಳಿ ಜೋರಾದ ದಿನಗಳಲ್ಲಿ ಅಲ್ಲಿಂದ ಏಳುವ ನುಣುಪಾದ ದೂಳು ಮನೆಗಳನ್ನು ಹೊಗುತ್ತದೆ. ಗಣಿಯ ಕೆಲಸ ಹೋಯಿತು, ಸಂಬಳ ಹೋಯಿತು, ದೂಳು ಮಾತ್ರ ಉಳಿಯಿತು. 2024ರ ಜೂನ್‌ನಲ್ಲಿ ಇಂಥ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ನಿನ್ನೆ ಕಸವೆಂದು ಎಸೆದದ್ದು ಇಂದು ಅದಿರು ಎನಿಸಿಕೊಂಡಿದೆ. ಬಿಂಗಮ್ ಕಣಿವೆಯ ಲೆಕ್ಕ ಇಲ್ಲಿಗೂ ಬಂದಿದೆ.

ಕೆಜಿಎಫ್‌ಗೆ ಇನ್ನೊಂದು ಗುರುತೂ ಇದೆ. ಬುಲ್ಡೋಜರ್, ಎಕ್ಸ್‌ಕವೇಟರುಗಳನ್ನು ತಯಾರಿಸುವ ಸರ್ಕಾರಿ ಸಂಸ್ಥೆ ಬೆಮೆಲ್‌ನ ದೊಡ್ಡ ಕಾರ್ಖಾನೆ ಅಲ್ಲಿದೆ. 1964ರಲ್ಲಿ ಭಾರತ್ ಅರ್ಥ್ ಮೂವರ್ಸ್ ಎಂಬ ಹೆಸರಿನಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಡಂಪರುಗಳು ಮೈಸೂರಿನಲ್ಲಿ ತಯಾರಾಗುತ್ತವೆ. ದೇಶದ ಕಲ್ಲಿದ್ದಲು ಗಣಿಗಳಿಗೆ, ಅಣೆಕಟ್ಟು, ರಸ್ತೆ ಕಾಮಗಾರಿಗಳಿಗೆ ಇಲ್ಲಿಂದ ಯಂತ್ರಗಳು ಹೋಗಿವೆ. ಸಾವಿರಾರು ಮನೆಗಳ ಒಲೆ ಉರಿಸಿದ, ಹೆಮ್ಮೆಪಡಬೇಕಾದ ಕಾರ್ಖಾನೆ ಅದು. ಅಗೆಯುವ ಯಂತ್ರ ಹುಟ್ಟುವ ಊರಿನಲ್ಲೇ ಅಗೆತದ ನಂತರದ ಚಿತ್ರವೂ ಕಣ್ಣೆದುರಿಗಿದೆ. ಶಾಲೆಯ ಮಕ್ಕಳಿಗೆ ಎರಡನ್ನೂ ಒಂದೇ ದಿನ ತೋರಿಸಬಹುದಾದ ಜಾಗ ಬೇರೆ ಸಿಗುವುದು ಕಷ್ಟ.

ಕುದುರೆಮುಖದ್ದು ಮಳೆಕಾಡಿನ ಕತೆ. ಅಲ್ಲಿದ್ದದ್ದು ನೂರಕ್ಕೆ ಸುಮಾರು 38 ಭಾಗ ಮಾತ್ರ ಕಬ್ಬಿಣವಿದ್ದ ಮ್ಯಾಗ್ನಟೈಟ್ ಅದಿರು. ಬೃಹತ್ ಯಂತ್ರಗಳಿಲ್ಲದಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ಇರಾನ್ ದೇಶದ ಸಾಲದ ಒಪ್ಪಂದದೊಂದಿಗೆ ಯೋಜನೆ ಆರಂಭವಾಯಿತು. 1979ರ ಕ್ರಾಂತಿಯ ಬಳಿಕ ಇರಾನ್ ಹಿಂದೆ ಸರಿಯಿತು. ಗಣಿ ಮಾತ್ರ ನಡೆಯಿತು. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಕಲ್ಲನ್ನು ಹಿಟ್ಟು ಮಾಡಿ, ಕಬ್ಬಿಣದ ಅಂಶವನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಹಿಟ್ಟು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಂಡಿತು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಶ್ರೇಣಿ ಅದು. ಸಡಿಲಗೊಂಡ ಮಣ್ಣು ಮಳೆಗಾಲದಲ್ಲಿ ಭದ್ರೆಗೆ ಇಳಿಯುತ್ತಿದೆ ಎಂಬ ದೂರು ಬೆಳೆಯಿತು. ಕೊನೆಗೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿಗಾರಿಕೆ ನಿಲ್ಲುವಂತೆ ಮಾಡಿತು. ಯಂತ್ರಗಳ ಸದ್ದು ನಿಂತು ಎರಡು ದಶಕ ಕಳೆದಿದೆ. ಲಕ್ಯಾ ಅಣೆಕಟ್ಟನ್ನು ಮಾತ್ರ ಇಂದಿಗೂ ಕಾಯಬೇಕು. ಅದರ ಹಿಂದೆ ನಿಂತಿರುವ ಹಿಟ್ಟು ಎಲ್ಲಿಗೂ ಹೋಗುವಂಥದ್ದಲ್ಲ.

ಬಳ್ಳಾರಿಯ ಕತೆ ಎಲ್ಲರಿಗೂ ಗೊತ್ತಿರುವುದೇ. ಅಲ್ಲಿ ಬಾಗರ್‌ನಂಥ ಒಂದು ದೈತ್ಯ ಇರಲಿಲ್ಲ. ನೂರಾರು ಎಕ್ಸ್‌ಕವೇಟರುಗಳು, ಸಾವಿರಾರು ಲಾರಿಗಳು ಸೇರಿ ದೈತ್ಯನ ಕೆಲಸ ಮಾಡಿದವು. ಕೆಂಪು ದೂಳು ಹೊಲದ ಬೆಳೆಯ ಮೇಲೆ ಕೂತಿತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಮತ್ತೆ ಅವಕಾಶ ಸಿಕ್ಕಿದ್ದು ವರ್ಷಕ್ಕೆ ಇಂತಿಷ್ಟೇ ಟನ್ ಎಂಬ ಮಿತಿಯೊಂದಿಗೆ, ಹಾಳಾದ ನೆಲವನ್ನು ಸರಿಪಡಿಸುವ ಯೋಜನೆಯ ಷರತ್ತಿನೊಂದಿಗೆ. ಯಂತ್ರದ ಬಲಕ್ಕೆ ಲಗಾಮು ಹಾಕಲು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. ಲಗಾಮು ಬೀಳುವ ಹೊತ್ತಿಗೆ ತುಂಬ ತಡವಾಗಿತ್ತು ಎಂಬುದಕ್ಕೂ ಇದೇ ಸಾಕ್ಷಿ.

ಬಕೆಟ್ ಚಕ್ರದ ಯಂತ್ರಗಳನ್ನು ನೋಡಲು ಜರ್ಮನಿಗೇ ಹೋಗಬೇಕೆಂದಿಲ್ಲ. ತಮಿಳುನಾಡಿನ ನೈವೇಲಿಯ ಲಿಗ್ನೈಟ್ ಗಣಿಯಲ್ಲಿ ಬಾಗರ್‌ನ ಸಣ್ಣ ದಾಯಾದಿಗಳು ಕೆಲಸ ಮಾಡುತ್ತವೆ. 1957ರಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದ ಗಣಿ ಅದು. ಅಲ್ಲಿ ಲಿಗ್ನೈಟ್ ಪದರದ ಕೆಳಗೆ ಒತ್ತಡದಲ್ಲಿರುವ ಅಂತರ್ಜಲವಿದೆ. ಪಂಪುಗಳು ಹಗಲಿರುಳು ಓಡದಿದ್ದರೆ ನೀರು ಗಣಿಯ ತಳವನ್ನು ಸೀಳಿಕೊಂಡು ಮೇಲೆ ನುಗ್ಗುತ್ತದೆ. 2023ರ ಜುಲೈಯಲ್ಲಿ ಗಣಿ ವಿಸ್ತರಣೆಗಾಗಿ ಕಾಲುವೆ ತೋಡಲು ಬೆಳೆದು ನಿಂತ ಭತ್ತದ ಗದ್ದೆಗೆ ಯಂತ್ರಗಳು ಇಳಿದಾಗ ರೈತರು ಬೀದಿಗಿಳಿದರು. ಆ ಗದ್ದೆಗೂ ಕರ್ನಾಟಕಕ್ಕೂ ಏನು ಸಂಬಂಧ ಎನ್ನಬೇಡಿ. ನೈವೇಲಿಯ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೂ ಪಾಲಿದೆ. ರಾತ್ರಿ ಓದುವ ಮಕ್ಕಳ ದೀಪದಲ್ಲಿ ಅದರದೂ ಒಂದಿಷ್ಟು ಬೆಳಕಿರಬಹುದು.

ಹೊಂಡ ತುಂಬುವ ಕೆಲಸ

ಈಗ ಉಳಿದ ಅರ್ಧ ಕೆಲಸಕ್ಕೆ ಬರೋಣ. ಹಾಳಾದ ನೆಲವನ್ನು ಮತ್ತೆ ಸರಿಪಡಿಸಲು ಆಗುವುದೇ ಇಲ್ಲವೇ? ಆಗುತ್ತದೆ. ಆದರೆ ಅದು ನಿಧಾನದ, ದುಬಾರಿಯ ಕೆಲಸ.

ಹಂಬಾಖ್‌ನಲ್ಲಿ ಮೊದಲ ವರ್ಷಗಳಲ್ಲಿ ಅಗೆದ ಮಣ್ಣನ್ನು ಪಕ್ಕದಲ್ಲೇ ಪೇರಿಸಿದರು. ಸಮತಟ್ಟು ಬಯಲಿನಲ್ಲಿ ಸುಮಾರು 200 ಮೀಟರ್ ಎತ್ತರದ ಹೊಸ ಗುಡ್ಡವೇ ಎದ್ದಿತು. ಅದಕ್ಕೆ ಸೋಫಿಯೆನ್‌ಹೋಯೆ ಎಂದು ಹೆಸರಿಟ್ಟು ಲಕ್ಷಾಂತರ ಗಿಡ ನೆಟ್ಟರು. ಈಗ ಜನ ಅಲ್ಲಿ ವಾಯುವಿಹಾರಕ್ಕೆ ಹೋಗುತ್ತಾರೆ. ಹೊಲಗಳ ವಿಷಯದಲ್ಲೂ ಎಚ್ಚರ ವಹಿಸಿದ್ದಾರೆ. ಆ ಸೀಮೆಯ ಫಲವತ್ತಾದ ಮೇಲ್ಮಣ್ಣನ್ನು ಬೇರೆಯಾಗಿ ಅಗೆದು, ತುಂಬಿದ ಜಾಗದ ಮೇಲೆ ಮತ್ತೆ ಹರಡುತ್ತಾರೆ. ಕೂಡಲೇ ಗೋಧಿ ಬಿತ್ತುವುದಿಲ್ಲ. ಮೊದಲ ಕೆಲವು ವರ್ಷ ಲೂಸರ್ನ್ ಎಂಬ ಮೇವಿನ ಬೆಳೆ. ಅದರ ಬೇರು ಆಳಕ್ಕೆ ಇಳಿದು ಮಣ್ಣನ್ನು ಸಡಿಲಿಸುತ್ತದೆ, ಸಾರಜನಕ ಸೇರಿಸುತ್ತದೆ. ಹೀಗೆ ವರ್ಷಗಟ್ಟಲೆ ಆರೈಕೆಯಾದ ಮೇಲೆ ಹೊಲ ರೈತರ ಕೈಸೇರುತ್ತದೆ.

ಇಷ್ಟಾದರೂ ಹೊಂಡ ಪೂರ್ತಿ ತುಂಬುವುದಿಲ್ಲ. ಅಗೆದು ತೆಗೆದ ಲಿಗ್ನೈಟ್ ಸುಟ್ಟು ಹೊಗೆಯಾಗಿ ಹೋಗಿರುವುದರಿಂದ ತುಂಬಲು ಅಷ್ಟು ಮಣ್ಣೇ ಇರುವುದಿಲ್ಲ. ಆದ್ದರಿಂದ ಹಂಬಾಖ್, ಗಾರ್ಟ್ಸ್‌ವೈಲರ್ ಹೊಂಡಗಳನ್ನು ಕೆರೆಗಳನ್ನಾಗಿ ಮಾಡುವ ಯೋಜನೆಯಿದೆ. ರೈನ್ ನದಿಯಿಂದ ಕೊಳವೆಯಲ್ಲಿ ನೀರು ತರಬೇಕು. 2030ರ ಸುಮಾರಿಗೆ ನೀರು ಬಿಡಲು ಆರಂಭಿಸಿದರೆ ಹಂಬಾಖ್ ತುಂಬಲು ಸುಮಾರು 40 ವರ್ಷ ಬೇಕೆಂದು ಅಂದಾಜು. ಇಂದು ಹತ್ತನೇ ತರಗತಿಯಲ್ಲಿ ಓದುವ ಹುಡುಗ ಹುಡುಗಿಯರು ಆ ಕೆರೆ ತುಂಬುವ ಹೊತ್ತಿಗೆ ಅರವತ್ತರ ಆಸುಪಾಸಿನಲ್ಲಿರುತ್ತಾರೆ. ಹೊಂಡಕ್ಕೆ ದಿನಕ್ಕೆ 2,40,000 ಘನ ಮೀಟರಿನ ವೇಗವಿತ್ತು. ತುಂಬುವುದಕ್ಕೆ ನದಿಯ ಔದಾರ್ಯವನ್ನು ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ರೈನ್ ನದಿಯೇ ಬಡವಾದರೆ ಕೆರೆಯೂ ಕಾಯಬೇಕು.

ಅಮೆರಿಕದ ಓಹಾಯೊ ರಾಜ್ಯದಲ್ಲಿ ಇನ್ನೊಂದು ಪಾಠವಿದೆ. ಅಲ್ಲಿ 1969ರಿಂದ 1991ರವರೆಗೆ ‘ಬಿಗ್ ಮಸ್ಕಿ’ ಎಂಬ ಯಂತ್ರ ಕಲ್ಲಿದ್ದಲಿನ ಮೇಲಿನ ಮಣ್ಣು ತೆಗೆಯುತ್ತಿತ್ತು. ಉಕ್ಕಿನ ಹಗ್ಗಗಳಿಗೆ ಕಟ್ಟಿದ ಒಂದೇ ಬಕೆಟ್ಟಿನಲ್ಲಿ ಅದು 168 ಘನ ಮೀಟರ್ ಮಣ್ಣು ಬಾಚುತ್ತಿತ್ತು. ಚಕ್ರಗಳಿರಲಿಲ್ಲ, ದೈತ್ಯಾಕಾರದ ಪಾದಗಳನ್ನು ಎತ್ತಿಡುತ್ತ ನಡೆಯುತ್ತಿತ್ತು. ಗಂಧಕ ಹೆಚ್ಚಿರುವ ಆ ಕಲ್ಲಿದ್ದಲಿಗೆ ಬೇಡಿಕೆ ಕುಸಿದಾಗ ಯಂತ್ರ ನಿಂತಿತು. 1999ರಲ್ಲಿ ಅದನ್ನು ಒಡೆದು ಗುಜರಿಗೆ ಹಾಕಿದರು. ಬಕೆಟ್ಟನ್ನು ಮಾತ್ರ ಗಣಿ ಕಾರ್ಮಿಕರ ಸ್ಮಾರಕವಾಗಿ ಒಂದು ಉದ್ಯಾನದಲ್ಲಿ ಇಟ್ಟಿದ್ದಾರೆ. ಅದರೊಳಗೆ ಎರಡು ಬಸ್ಸುಗಳು ಅಕ್ಕಪಕ್ಕ ನಿಲ್ಲಬಹುದು.

ಆ ಗಣಿ ಸೀಮೆಯ ಸುಮಾರು 10,000 ಎಕರೆಯಲ್ಲಿ ಈಗ ‘ದಿ ವೈಲ್ಡ್ಸ್’ ಎಂಬ ವನ್ಯಪ್ರಾಣಿ ಧಾಮವಿದೆ. ಘೇಂಡಾಮೃಗ, ಜಿರಾಫೆಗಳು ಅಲ್ಲಿ ಅಡ್ಡಾಡುತ್ತವೆ. ನೋಡಲು ಚೆಲುವಾದ ಹುಲ್ಲುಗಾವಲು. ಆದರೆ ಗಣಿಗೆ ಮುಂಚೆ ಆ ಸೀಮೆಯಲ್ಲಿದ್ದದ್ದು ಕಾಡು. ಅಗೆದ ನೆಲವನ್ನು ಭಾರೀ ಯಂತ್ರಗಳು ಮಟ್ಟ ಮಾಡುವಾಗ ಮಣ್ಣು ಎಷ್ಟು ಗಟ್ಟಿಯಾಗಿ ಕೂತುಬಿಡುತ್ತದೆ ಎಂದರೆ ಮರದ ಬೇರು ಇಳಿಯಲಾರದು. ಹುಲ್ಲು ಬರುತ್ತದೆ, ಕಾಡು ಬರುವುದಿಲ್ಲ. ಈ ಅನುಭವದಿಂದ ಅಲ್ಲಿನ ವಿಜ್ಞಾನಿಗಳು ಕಲಿತ ಪಾಠ ಸರಳವಾದದ್ದು: ಕಾಡು ಬೇಕಿದ್ದರೆ ಮಣ್ಣನ್ನು ಚೊಕ್ಕಟವಾಗಿ ಮಟ್ಟ ಮಾಡಬೇಡಿ, ಸಡಿಲವಾಗಿ ಸುರಿದು ಬಿಡಿ. ಕೆಲವೊಮ್ಮೆ ಯಂತ್ರ ಕಡಿಮೆ ಓಡಾಡುವುದೇ ದೊಡ್ಡ ಉಪಕಾರ.

ಮುಚ್ಚುವ ಲೆಕ್ಕ ಮೊದಲು

ಹಾಗೆಂದು ಯಂತ್ರಗಳನ್ನೇ ಬೈದು ಕೂರುವುದು ಸರಿಯಲ್ಲ. ಗುದ್ದಲಿ, ಮಂಕರಿಗಳ ಕಾಲದಲ್ಲಿ ಗಣಿಯೆಂದರೆ ಸಾವಿನ ಬಾಯಿ. ಕೋಲಾರದ ಸುರಂಗದಲ್ಲಿ ದುಡಿದವರ ಮನೆಯವರಿಗೆ ಅದು ಚೆನ್ನಾಗಿ ಗೊತ್ತು. ಮನುಷ್ಯನ ಬೆನ್ನಿನ ಭಾರವನ್ನು ಯಂತ್ರ ಇಳಿಸಿದೆ. ಕಲ್ಲಿದ್ದಲನ್ನು ಬಿಟ್ಟು ಸೂರ್ಯನ ಬೆಳಕು, ಗಾಳಿಯಿಂದ ವಿದ್ಯುತ್ ಪಡೆಯುವುದಕ್ಕೂ ತಾಮ್ರ, ಕಬ್ಬಿಣ, ಲಿಥಿಯಂ ಬೇಕೇ ಬೇಕು. ಅವುಗಳನ್ನು ಅಗೆಯಲು ಇದೇ ಯಂತ್ರಗಳು ಬೇಕು. ಡೀಸೆಲ್ ಬದಲು ವಿದ್ಯುತ್ತಿನಲ್ಲಿ ಓಡುವ ಡಂಪರುಗಳು ಬಂದರೆ ಹೊಗೆ ಕಡಿಮೆಯಾದೀತು, ನಿಜ. ಆದರೆ ಬಾಗರ್ 288 ಮೊದಲ ದಿನದಿಂದಲೂ ವಿದ್ಯುತ್ತಿನಲ್ಲೇ ನಡೆಯುತ್ತಿತ್ತು ಎಂಬುದನ್ನು ಮರೆಯಬಾರದು. ಯಂತ್ರ ಏನು ತಿಂದು ಓಡುತ್ತದೆ ಎಂಬುದರ ಜೊತೆಗೆ ಎಷ್ಟು ಅಗೆಯುತ್ತದೆ, ಏನನ್ನು ಬಿಟ್ಟುಹೋಗುತ್ತದೆ ಎಂಬುದೂ ಮುಖ್ಯ.

ನಮ್ಮ ದೇಶದ ಕಾನೂನೂ ಈ ದಿಕ್ಕಿನಲ್ಲಿ ಒಂದೆರಡು ಹೆಜ್ಜೆ ಇಟ್ಟಿದೆ. ಗಣಿ ಆರಂಭಿಸುವ ಮುನ್ನವೇ ಅದನ್ನು ಮುಚ್ಚುವ ಯೋಜನೆಯನ್ನೂ ಸಲ್ಲಿಸಬೇಕೆಂಬ ನಿಯಮ 2003ರಲ್ಲಿ ಬಂತು. ಗಣಿಗಾರಿಕೆ ಮುಗಿದ ಮೇಲೆ ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸುವುದನ್ನು ಗುತ್ತಿಗೆಯ ಷರತ್ತಾಗಿ ಸೇರಿಸಬೇಕೆಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ದನಕರುಗಳಿಗೆ ಮೇವಾದರೂ ಸಿಗಲಿ ಎಂಬ ಕಾಳಜಿ ಅದರಲ್ಲಿತ್ತು. ಕಾಗದದ ಮೇಲಿನ ಹುಲ್ಲು ನೆಲದ ಮೇಲೆ ಚಿಗುರುತ್ತದೆಯೇ ಎಂದು ನೋಡುವ ಹೊಣೆ ಸುತ್ತಲಿನ ಊರುಗಳದ್ದು.

ಇನ್ನು ಮುಂದೆ ಎಲ್ಲಾದರೂ ಹೊಸ ಗಣಿ, ಹೊಸ ಸುರಂಗ, ಹೊಸ ಹೆದ್ದಾರಿ ಬರುತ್ತದೆ ಎಂಬ ಸುದ್ದಿ ಬಂದಾಗ ಎಷ್ಟು ಟನ್ ತೆಗೆಯುತ್ತಾರೆ, ಎಷ್ಟು ಜನರಿಗೆ ಕೆಲಸ ಸಿಗುತ್ತದೆ ಎಂದು ಕೇಳುವುದು ಸಹಜ. ಕೇಳಲೇಬೇಕು. ಅದರ ಜೊತೆಗೆ ಮಕ್ಕಳು, ಅವರ ತಂದೆ ತಾಯಂದಿರು ಇನ್ನೂ ಮೂರು ಪ್ರಶ್ನೆ ಕೇಳಿದರೆ ತಪ್ಪಿಲ್ಲ. ಮೇಲ್ಮಣ್ಣನ್ನು ಎಲ್ಲಿ ಕಾಪಾಡಿ ಇಡುತ್ತಾರೆ? ಅಲ್ಲಿಂದ ಎತ್ತುವ ನೀರು ಯಾರ ಬಾವಿಯದು? ಕೊನೆಯ ಯಂತ್ರ ಹೊರಟುಹೋದ ಮರುದಿನ ಆ ಜಾಗವನ್ನು ನೋಡಿಕೊಳ್ಳಲು ಹಣವನ್ನು ಈಗಲೇ ಎತ್ತಿಟ್ಟಿದ್ದಾರೆಯೇ?

ಕೆಜಿಎಫ್‌ನಲ್ಲಿ 1880ರಲ್ಲಿ ಈ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಅದಕ್ಕೆ ಉತ್ತರವನ್ನು ಅಲ್ಲಿನ ಮನೆಗಳವರು ಪ್ರತಿ ಬೇಸಿಗೆಯಲ್ಲೂ ಕಿಟಕಿಯ ದೂಳು ಒರೆಸುತ್ತ ಕೊಡುತ್ತಿದ್ದಾರೆ.